ತೂಬಿನ ಕೆಳಗಿನ ಲಾವಂಚ

ರೊಳ್ಳದ ಹತ್ತಿರದ ನಮ್ಮೂರ ಕೆರೆ ಬೇಸಿಗೆಯಲ್ಲಿ ಬತ್ತಿದರೂ ತೂಬಿನ ಕೆಳಗೆ ಒಂದಿಷ್ಟು ಜೌಗು ಉಳಿಯುತ್ತಿತ್ತು. ಲಾವಂಚದ ಹುಲ್ಲು ಬೆಳೆಯುತ್ತಿದ್ದುದು ಅಲ್ಲೇ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹೋದಾಗ ಕಂಡಕಂಡ ಹುಲ್ಲನ್ನೆಲ್ಲ ಎಳೆಯುತ್ತಿದ್ದೆ.

"ಹುಲ್ಲು ಹುಡುಕಬ್ಯಾಡ. ಕಾಲಡಿ ಎಲ್ಲಿ ತಣ್ಣಗಾಗ್ತೈತೋ ಅಲ್ಲಿ ನಿಂತ್ಕೋ," ಎನ್ನುತ್ತಿದ್ದಳು. ಬೇರು ಅಗೆದು, ಕೆಸರು ಒರೆಸಿ, ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಆ ಪರಿಮಳಕ್ಕಾಗಿ ಸ್ಕೂಲು ತಪ್ಪಿಸಿ ಬಯ್ಯಿಸಿಕೊಂಡದ್ದೂ ಉಂಟು.

ದೊಡ್ಡವಳಾದ ಮೇಲೆ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಹೋದೆ. ಬಟ್ಟೆಯ ನೀಲಿ ಧೂಳು ಕಾರಣವೋ, ಬಿಡದ ನೆಗಡಿಯೋ, ಕೆಲವು ವರ್ಷಕ್ಕೆ ಮೂಗಿಗೆ ಯಾವ ವಾಸನೆಯೂ ತಿಳಿಯದಾಯಿತು. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಕಳಿಸುತ್ತಿರಲಿಲ್ಲ. ನನಗೋ ಮಿಷಿನ್ನಿನ ಮುಂದೆ ಕೂತರೆ ಎಲ್ಲಿಲ್ಲದ ಜಂಬ.

ಒಂದು ಬೇಸಿಗೆ ರಜೆಗೆ ಬಂದಾಗ ಅಮ್ಮ ಗುದ್ದಲಿ ಹಿಡಿದು ತೂಬಿನ ಕಡೆ ಕರೆದಳು. ಚಪ್ಪಲಿ ಬಿಟ್ಟು ತಣ್ಣನೆಯ ಜಾಗ ಹುಡುಕಿ ನಿಂತೆ. ಅಷ್ಟಾದರೂ ನೆನಪಿದೆಯಲ್ಲ ಎಂದು ಹಿಗ್ಗಿದೆ. ಅವಳು ಒಂದು ಬುಡ ಅಗೆದು ಬೇರು ಚಾಚಿದಳು. ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ.

"ಅದೇ ಘಮ ಕಣಮ್ಮ. ಒಂಚೂರೂ ಬದಲಾಗಿಲ್ಲ," ಎಂದೆ.

"ಇದು ದನ ತಿನ್ನೋ ಹುಲ್ಲು," ಎಂದಳು ಅಮ್ಮ. "ಬೇಕಂತಲೇ ಕೊಟ್ಟೆ. ಮೊನ್ನೆ ಹಾಲು ಸೀದು ಹೋದ್ರೂ ನೀನು ಒಲೆ ಮುಂದೆ ಸುಮ್ಮನೆ ಕೂತಿದ್ದೆ. ಯಾವಾಗಿಂದ ಹಿಂಗೆ?"

ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಮೂಗು ಹೋದದ್ದಕ್ಕಲ್ಲ, ಆ ಜಾಗದಲ್ಲಿ ನಿಂತು ಅವಳಿಗೆ ಸುಳ್ಳು ಹೇಳಿದೆನಲ್ಲ ಎಂದು.

"ಹೊಲಿಗೆ ಮಾತ್ರ ಬಿಡಲ್ಲಮ್ಮ," ಎಂದೆ.

ಅಮ್ಮ ನನ್ನ ಕೈ ಹಿಡಿದು ಪಕ್ಕದ ಬುಡಕ್ಕೆ ಒತ್ತಿದಳು. "ಬುಡ ಚಪ್ಪಟೆ ಐತಾ ನೋಡು. ಎಲೆ ನಡುವೆ ಮಡಚಿದಂಗೈತಾ? ಅದೇ ಲಾವಂಚ. ಬೆರಳಾದ್ರೂ ನೆಟ್ಟಗವೆಯಲ್ಲ."

ನನಗೆ ಅದು ಬೆರಳಿಗೆ ಸಿಕ್ಕಿತು. ಅರ್ಧ ಬೇರು ತೆಗೆದು, ಉಳಿದ ಬುಡವನ್ನು ಕೆಸರಿನಲ್ಲಿ ಮತ್ತೆ ಊರಿ ಬಂದೆವು.

ಸಂಜೆ ಬೇರು ತೊಳೆದು ಕುಡಿಯುವ ನೀರಿನ ಮಡಕೆಗೆ ಹಾಕಿದಳು. ಮಾರನೆಯ ದಿನ ನಾನು ಬಸ್ಸಿಗೆ ಹೊರಟಾಗ ಹೋಗಬೇಡ ಎನ್ನಲಿಲ್ಲ. ಒಂದು ಲೋಟ ನೀರು ಕೊಟ್ಟಳು. ಆ ನೀರನ್ನು ಯಾರಿಗೆ ಕೊಟ್ಟರೂ "ಹೆಂಗೈತೆ?" ಎಂದು ಕೇಳದೆ ಬಿಡದವಳು, ನಾನು ಕುಡಿದು ಮುಗಿಸುವವರೆಗೆ ಬೀದಿಯ ಕಡೆ ನೋಡುತ್ತ ನಿಂತಿದ್ದಳು.