ಚಾಚಾ ಕೇಳಿದ ಒಂದು ತಾಸು

ಅವರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಗಿತ್ತು. ವರ್ಷಗಟ್ಟಲೆ ಆ ಕೈಯನ್ನು ಕಿಟಕಿಯ ಹೊರಗಿಟ್ಟು ಗಾಡಿ ಓಡಿಸಿದ್ದರ ಗುರುತು. ನಮಸ್ಕಾರಕ್ಕೆ ಕೈ ಜೋಡಿಸಿದರೆ ಇಬ್ಬರ ಕೈ ಕೂಡಿಸಿದಂತೆ ಕಾಣುತ್ತಿತ್ತು. ಊರೆಲ್ಲ ಅವರನ್ನು ಚಾಚಾ ಅನ್ನುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಹಿರೇಹಡಗಲಿಯಲ್ಲಿ ಜನರನ್ನು ಕೂಡಿಸಿ ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುವ ದಂಧೆ ಹಚ್ಚಿದೆ. ನನ್ನ ಬಂಡವಾಳ ಬಾಯಿ, ವ್ಯಾನು ಚಾಚಾರದು. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಟರೆ ಒಮ್ಮೆ ಹಂಪಿ, ಒಮ್ಮೆ ಬಾಗಳಿ, ಉಚ್ಚಂಗಿದುರ್ಗ, ಇನ್ನೊಮ್ಮೆ ಚಿತ್ರದುರ್ಗದ ಕೋಟೆ. ಹೋದಲ್ಲೆಲ್ಲ ನಾನು ಜನರನ್ನು ಅವಸರಿಸುತ್ತಿದ್ದೆ. ಹಿಂದಿನಿಂದ ಚಾಚಾ, "ಕಲ್ಲು ಎಲ್ಲಿಗೂ ಹೋಗಂಗಿಲ್ರಿ, ಸಾವಕಾಶ ನೋಡ್ರಿ" ಅನ್ನುತ್ತಿದ್ದರು.

ಗುಡಿಯ ಮುಂದೆ ಬಿಟ್ಟರೆ ಕಳುವಾಗುತ್ತವೆಂದು ಎಲ್ಲರ ಚಪ್ಪಲಿಯನ್ನೂ ಅವರು ವ್ಯಾನಿನಲ್ಲೇ ಬಿಡಿಸುತ್ತಿದ್ದರು. ಹೊರಡುವಾಗ ನಾನು ತಲೆ ಎಣಿಸಿದರೆ ಅವರು ಬಗ್ಗಿ ಸೀಟಿನಡಿ ನೋಡುತ್ತಿದ್ದರು. ಒಂದು ಜೊತೆ ಉಳಿದಿದ್ದರೂ ಒಬ್ಬರು ಬಂದಿಲ್ಲವೆಂದೇ ಅರ್ಥ. ಒಮ್ಮೆ ಹಂಪಿಯಲ್ಲಿ ನನ್ನ ತಲೆಯೆಣಿಕೆ ಸರಿಬಂತು, ಹೊರಡಿ ಅಂದೆ. "ಚಪ್ಲಿ ಇಲ್ಲೇ ಕುಂತಾವ, ಮುದುಕಿ ಎಲ್ಲಿ?" ಅಂದರು ಚಾಚಾ. ತಂಬ್ರಹಳ್ಳಿಯ ಅಜ್ಜಿಯೊಬ್ಬಳು ಗುಡಿಯ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ನಾನು ಯಾವುದೋ ಮಗುವನ್ನು ಎರಡು ಸಲ ಎಣಿಸಿದ್ದೆ. ಜನ ಕರೆದೊಯ್ಯುವವರಿಗೆ ನಾನು ಇಂದಿಗೂ ಇದನ್ನೇ ಹೇಳುತ್ತೇನೆ: ತಲೆ ನಂಬಬೇಡಿ, ಚಪ್ಪಲಿ ನಂಬಿ.

ಹಂಪಿಗೆ ಹೋಗುವಾಗ ಒಂದು ಕಡೆ ತುಂಗಭದ್ರೆಯ ಹಿನ್ನೀರು ದಾರಿಯ ಹತ್ತಿರ ಬರುತ್ತದೆ. ಅಲ್ಲಿ ಚಾಚಾರ ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ಅಣೆಕಟ್ಟು ತುಂಬಿದಾಗ, ಹಂಪಸಾಗರದ ಆಚೆಗಿದ್ದ ಅವರ ಹಳ್ಳಿ ನೀರಿನಡಿ ಹೋಗಿತ್ತು. ಜನ ಬಾಗಿಲು, ತೊಲೆಗಳನ್ನು ಕಿತ್ತು ಬಂಡಿಗೆ ಹೇರಿಕೊಂಡು ಬಂದಿದ್ದರು. ಗೋರಿಯನ್ನು ಬಂಡಿಗೆ ಹೇರಲು ಬರುವುದಿಲ್ಲ. ಅದರ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ತಾಯಿಯ ತಲೆದೆಸೆಗೆ, ಅವಳದೇ ಬೀಸುಕಲ್ಲಿನ ಒಂದು ಹೋಳು ನೆಟ್ಟು ಚಾಚಾ ಊರು ಬಿಟ್ಟಿದ್ದರು.

ಒಂದು ಬೇಸಿಗೆ ನೀರು ಎಂದೂ ಇಳಿಯದಷ್ಟು ಇಳಿಯಿತು. ಬಯಲಿನಾಚೆ ಮೊಂಡುಗೋಡೆಗಳು ಕಂಡವು. ಚಾಚಾ ಗಾಡಿ ನಿಲ್ಲಿಸಿಯೇ ಬಿಟ್ಟರು.

"ಸಾವ್ಕಾರ್ರ, ಒಂದ್ ತಾಸು ಬಿಡ್ರಿ. ನಮ್ಮೂರು ಮ್ಯಾಲೆ ಬಂದೈತಿ. ಅಮ್ಮಾನ ಕಲ್ಲು ನೋಡಿ ಬರ್ತೀನಿ."

"ಒಂದ್ ತಾಸಾ? ಮತ್ತ ಹಂಪಿ ಮುಟ್ಟೂದು ಯಾವಾಗ ಚಾಚಾ? ಹತ್ತು ನಿಮಿಷ ತಗೋರಿ."

"ಕೆಸರಾಗ ಹೋಗಾಕ ಇಪ್ಪತ್ತು ನಿಮಿಷ ಬೇಕ್ರಿ. ಮುಕ್ಕಾಲು ತಾಸರ ಕೊಡ್ರಿ."

"ಹದಿನೈದು. ಅದರ ಮ್ಯಾಲೆ ಒಂದ್ ನಿಮಿಷ ಇಲ್ಲ."

ಹಿಂದಿನ ಸೀಟಿನಿಂದ ಯಾರೋ "ಬಿಸ್ಲು ಏರತೈತಿ, ನಡೀರಿ" ಅಂದರು. ನಾನು ಕೊನೆಯ ಮಾತು ಎಸೆದೆ: "ಕಲ್ಲು ಎಲ್ಲಿಗೂ ಹೋಗಂಗಿಲ್ಲಂತ ನೀವ ಅಂತೀರಲ್ಲ ಚಾಚಾ! ಮುಂದಿನ ಬ್ಯಾಸಗಿಗೆ ನೋಡೂಣಂತ."

ವ್ಯಾನೆಲ್ಲ ನಕ್ಕಿತು. ಚಾಚಾನೂ ನಕ್ಕು, "ಖರೆ ಐತಿ ಬಿಡ್ರಿ" ಎಂದು ಗೇರು ಹಾಕಿದರು. ಚೌಕಾಸಿ ಗೆದ್ದ ಖುಷಿಯಲ್ಲಿ ನಾನು ಅವರ ಮುಖ ನೋಡಲಿಲ್ಲ.

ಮರುದಿನ ಅವರೊಬ್ಬರೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಳೆಗಾಲ ಹಿಡಿಯುವವರೆಗೆ ಒಂದು ದಿನವೂ ಬಿಡದೆ ಬೇರೆ ಬೇರೆ ಮಂದಿಯ ಪ್ರವಾಸ ಒಪ್ಪಿಕೊಂಡು ಚಾಚಾರನ್ನು ಗಾಡಿಗೆ ಕಟ್ಟಿಹಾಕಿದವನೂ ನಾನೇ. ಮೇಲ್ಸೀಮೆಯಲ್ಲಿ ಮಳೆಯಾಗಿ ಹೊಳೆ ಬಂತು. ಗೋಡೆಗಳು ಮತ್ತೆ ಮುಳುಗಿದವು. ಮುಂದಿನ ಎರಡು ಬೇಸಿಗೆ ನೀರು ಅಷ್ಟು ಇಳಿಯಲಿಲ್ಲ. ಅಲ್ಲಿ ಗಾಡಿ ನಿಧಾನವಾಗುವುದು ನಿಲ್ಲಲಿಲ್ಲ. ಚಾಚಾ ಮಾತ್ರ ಮತ್ತೆ ಏನನ್ನೂ ಕೇಳಲಿಲ್ಲ.

ಮೂರನೆಯ ವರ್ಷ ಅವರು ಎದೆನೋವಿನಿಂದ ಹಾಸಿಗೆ ಹಿಡಿದರು. ನೋಡಲು ಹೋದಾಗ ಕೇಳಿದ್ದು ಒಂದೇ: "ನೀರು ಇಳದೈತೇನ್ರಿ?"

ಇಳಿದಿರಲಿಲ್ಲ. "ಇಳದೈತಿ ಚಾಚಾ. ಲಗೂನ ಏಳ್ರಿ, ಹೋಗೂಣು. ಪೂರಾ ಒಂದ್ ತಾಸು ನಿಲ್ಲೂಣು" ಅಂದೆ.

"ಆಗ ತಾಸು ಇಳಸಿದ್ರಿ, ಈಗ ನೀವ ಏರಸಾಕತ್ತೀರಿ ಸಾವ್ಕಾರ್ರ" ಅಂದು ಚಾಚಾ ಆ ಕಪ್ಪು ಕೈಯಿಂದ ನನ್ನ ಕೈ ಹಿಡಿದರು. ವಾರದೊಳಗೆ ಹೋದರು. ಹಿರೇಹಡಗಲಿಯಲ್ಲೇ ಮಣ್ಣು ಕೊಟ್ಟೆವು.

ವ್ಯಾಪಾರ ಕಲಿಯುವ ಹುಡುಗರು ಬಂದರೆ ನಾನು ಎಲ್ಲ ಗುಟ್ಟು ಹೇಳಿಕೊಡುತ್ತೇನೆ. ಕೊನೆಗೆ ಇದನ್ನೂ ಹೇಳುತ್ತೇನೆ: ಎದುರಿನವನು ಏನು ಕೇಳುತ್ತಿದ್ದಾನೆ ಎಂದು ತಿಳಿಯುವವರೆಗೆ ಚೌಕಾಸಿಗೆ ಬಾಯಿ ತೆರೆಯಬೇಡಿ.

ಚಾಚಾ ಹೋಗಿ ಕೆಲವು ವರ್ಷಗಳ ಮೇಲೆ ನೀರು ಮತ್ತೆ ಇಳಿಯಿತು. ಒಬ್ಬನೇ ಹೋದೆ. ಚಪ್ಪಲಿ ದಂಡೆಯಲ್ಲಿ ಬಿಟ್ಟು ಕೆಸರಿನಲ್ಲಿ ನಡೆದೆ. ಹೋಗಲು ನಿಜಕ್ಕೂ ಇಪ್ಪತ್ತು ನಿಮಿಷ ಹಿಡಿಯಿತು. ಬೀಸುಕಲ್ಲಿನ ಹೋಳು ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಮಣ್ಣು ಒರೆಸಿ, ಅದರ ಹತ್ತಿರ ಒಂದು ತಾಸು ಕೂತೆ.

ತಿರುಗಿ ದಂಡೆಗೆ ಬಂದು ಚಪ್ಪಲಿ ಮೆಟ್ಟಿಕೊಂಡು ರೂಢಿಯಂತೆ ಹಿಂದೆ ನೋಡಿದೆ. ಒಂದು ಜೊತೆಯೂ ಉಳಿದಿರಲಿಲ್ಲ. ಚಾಚಾರ ಎಣಿಕೆಯಂತೆ ಎಲ್ಲರೂ ಬಂದಿರಬೇಕಿತ್ತು. ಅವರ ಎಣಿಕೆ ತಪ್ಪಿದ್ದು ಅದೊಂದೇ ಸಲ.