ಕೈ ತೋರಿಸಿ ಒಳಗೆ ಬಾ

ಮೊಳಕಾಲ್ಮೂರಿನ ಬಾಡಿಗೆ ಮನೆಯ ಹೊಸ್ತಿಲಲ್ಲಿ ಟ್ರಂಕು ಇಳಿಸಿ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ, ಮನೆಯೊಡತಿ ಲಕ್ಷ್ಮಕ್ಕ ಅಡ್ಡ ನಿಂತು, "ಚೇತುಲು ಚೂಪಿಂಚಯ್ಯಾ" ಅಂದಳು. ತೆಲುಗು. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. "ಕೈ ತೋರ್ಸಪ್ಪಾ, ಎರಡೂ" ಎಂದು ಕನ್ನಡದಲ್ಲಿ ಹೇಳಿದಳು. ಮೀಸೆ ಹೊತ್ತ ಗಂಡಸು, ಸ್ವಂತ ಗ್ಯಾರೇಜು ಹಾಕಲು ಬಂದವನು, ಮೇಷ್ಟ್ರ ಮುಂದೆ ನಿಂತವನ ಹಾಗೆ ಅಂಗೈ ಚಾಚಿದೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಉಗುರಾಗೆ ಗ್ರೀಸ್ ಐತೆ. ತೊಳ್ಕಂಡು ಬಾ."

ನನಗೆ ಮೈಯೆಲ್ಲ ಉರಿಯಿತು. ಚಳ್ಳಕೆರೆಯಲ್ಲಿ ನಮ್ಮಣ್ಣನ ಗ್ಯಾರೇಜಿರುವ ಬೀದಿಯಲ್ಲಿ ಕಪ್ಪು ಕೈ ಅಂದರೆ ಮರ್ಯಾದೆ. ಕೈ ಬೆಳ್ಳಗಿದ್ದರೆ, "ಏನ್ ಭಾಯ್, ಇವತ್ತು ಬೋಣಿ ಆಗ್ಲಿಲ್ವಾ?" ಎಂದು ಕಾಡುತ್ತಾರೆ. ಇಲ್ಲಿ ಅದೇ ಕೈ ಹೊಸ್ತಿಲು ದಾಟುವಂತಿಲ್ಲ. ಸಾಬರವನು ಅಂತ ಹೀಗೆ ಮಾಡುತ್ತಿದ್ದಾಳೆ ಎಂದೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಅವಳ ಗಂಡ ಪೇಟೆಯಿಂದ ಬಂದ. ಅವನನ್ನೂ ನಿಲ್ಲಿಸಿದಳು. ಅವನು ಅಭ್ಯಾಸದಂತೆ ಕೈ ಚಾಚಿ, ಪಾಸಾಗಿ, ಒಳಗೆ ಹೋದ. ಆಗ ಬಾಗಿಲ ಸಂದಿಯಲ್ಲಿ ಕಂಡಿತು: ಮುಂದಿನ ಕೋಣೆಯ ತುಂಬ ಒಂದು ಮಗ್ಗ, ಅದರ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆ. ನನಗೆ ಕೊಟ್ಟ ಹಿಂಬದಿಯ ಕೋಣೆಗೆ ದಾರಿ ಆ ಮಗ್ಗವನ್ನು ಸವರಿಕೊಂಡೇ ಇತ್ತು.

ಚಳ್ಳಕೆರೆಯಿಂದ ಮೊಳಕಾಲ್ಮೂರು ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಇದನ್ನೂ ವಲಸೆ ಅಂತ ಬರೀತಾನಲ್ಲ ಎಂದು ಊರಿನ ನೀವೆಲ್ಲ ನಗಬಹುದು. ನಗಿ. ಆ ನಿದ್ದೆ ಮುಗಿದು ಕಣ್ಣು ಬಿಟ್ಟರೆ ಚಹದಂಗಡಿಯವನು ತೆಲುಗಿನಲ್ಲಿ ಮಾತಾಡಿಸುತ್ತಾನೆ. ನಮ್ಮ ಮಂಡಕ್ಕಿ ಒಗ್ಗರಣೆ ಇಲ್ಲಿ 'ಉಗ್ಗಾಣಿ' ಆಗಿರುತ್ತದೆ, ಜೊತೆಗೆ ಕೊಡುವ ಮೆಣಸಿನಕಾಯಿ ಬಜ್ಜಿ ಕಣ್ಣಲ್ಲಿ ನೀರು ತರಿಸುತ್ತದೆ. ಮಸೀದಿಯಲ್ಲಿ ಸಲಾಂ ಹೇಳುತ್ತಾರೆ, ಆದರೆ ನೀನು ಯಾರ ಮಗ ಎಂದು ಯಾರೂ ಕೇಳುವುದಿಲ್ಲ. ಹೇಳಿದರೂ ಅವರಿಗೆ ನಮ್ಮಪ್ಪ ಗೊತ್ತಿಲ್ಲ.

ನಾನು ಊರು ಬಿಟ್ಟದ್ದು ನನ್ನ ಬಾಯಿಯ ದೆಸೆಯಿಂದ. ಗಿರಾಕಿ ಒಂದು ಮಾತು ಎತ್ತಿದರೆ ನಾನು ಹತ್ತು ಎತ್ತುತ್ತಿದ್ದೆ. ಕೊನೆಗೆ ಅಣ್ಣ, "ಬೇರೆ ಊರು ನೋಡ್ಕ ಲೇ, ನಿನ್ ಕೈ ಬೇಕು, ಬಾಯಿ ಬ್ಯಾಡ" ಅಂದುಬಿಟ್ಟ. ನನ್ನ ಹೆಂಡತಿ ನಸ್ರೀನ್ ಅವನಿಗಿಂತ ಗಟ್ಟಿ. ತವರಲ್ಲೇ ಕುಳಿತಳು. "ಹೊಸ ಊರಲ್ಲಿ ಜಗಳ ಇಲ್ಲದೆ ಇದ್ದು ತೋರ್ಸು, ಬರ್ತೀನಿ. ಒಂದೇ ಒಂದು ಕೂಗು ಕೇಳಿಸಿದ್ರೂ ನನ್ನ ಆಸೆ ಬಿಡು." ನಾನು ಬಸ್ ಹತ್ತುವಾಗ ನನ್ನ ಕೈಗೆ ಒಂದು ನೋಟ್‌ಬುಕ್ ತುರುಕಿದಳು. "ಪೈಲೇ ಲಿಖೋ, ಪಿಚ್ಛೇ ಬೋಲೋ." ಮೊದಲು ಬರಿ, ಆಮೇಲೆ ಮಾತಾಡು ಅಂತ. ಇದು ಅವಳು ಹಾಕಿದ ಷರತ್ತು.

ಡೈರಿ ಬರೆಯುವುದು ಅಂದರೆ ಏನು ಅಂತ ನನಗೆ ಎಲ್ಲಿ ಗೊತ್ತು? ಮೊದಲ ವಾರ, "ಗಾಡಿ ಬಂತು, ಕ್ಲಚ್ ಪ್ಲೇಟ್ ಬದಲಾಯಿಸಿದೆ, ಗಾಡಿ ಹೋಯಿತು" ಎಂದು ಬರೆದೆ. ಫೋನಿನಲ್ಲಿ ಓದಿ ಹೇಳಿದಾಗ ನಸ್ರೀನ್ ನಕ್ಕಳು. "ಇದು ಗಾಡಿ ಕಥೆ ಆಯ್ತು. ನೀನೆಲ್ಲಿ?" ಆಮೇಲೆ ಅವಳೇ ದಾರಿ ಹೇಳಿಕೊಟ್ಟಳು: ಬೆಳಿಗ್ಗೆ ಎದ್ದಾಗಿನಿಂದ ಶುರು ಮಾಡು, ಸಿಟ್ಟು ಬಂದ ಜಾಗಕ್ಕೆ ತಾನಾಗಿ ಹೋಗಿ ಮುಟ್ಟುತ್ತೀಯ. ಇನ್ನೊಂದು ಸಂಗತಿ ನಾನೇ ಕಂಡುಕೊಂಡೆ. ನನಗೆ ಸಿಟ್ಟು ಬರುವುದು ಉರ್ದುವಿನಲ್ಲಿ. ಓದಿದ್ದು ಕನ್ನಡ ಶಾಲೆಯಾದ್ದರಿಂದ ಬರೆಯಲು ಬರುವುದು ಕನ್ನಡ ಮಾತ್ರ. ಬೈಗುಳವನ್ನು ಕನ್ನಡಕ್ಕೆ ತಂದು, ಒತ್ತು ದೀರ್ಘ ಹಾಕಿ ಮುಗಿಸುವಷ್ಟರಲ್ಲಿ ಸಿಟ್ಟು ಅರ್ಧ ಆರಿರುತ್ತಿತ್ತು.

ಹಾಗೂ ಹೀಗೂ ಬೇಸಿಗೆ ಕಳೆಯಿತು. ನಸ್ರೀನ್ ಒಪ್ಪಿದಳು. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಅಂದಳು.

ಅದೇ ಶುಕ್ರವಾರ ಬೆಳಿಗ್ಗೆ ಮಗ್ಗದ ಸದ್ದು ನಡುವಿನಲ್ಲೇ ನಿಂತಿತು. ಆ ಮನೆಯಲ್ಲಿ ಮಗ್ಗ ಹಾಗೆ ನಿಲ್ಲುವುದಿಲ್ಲ. ನಾನು ಕೋಣೆಯಲ್ಲಿ ಇಸ್ತ್ರಿ ಮಾಡಿದ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಲಕ್ಷ್ಮಕ್ಕ ಬಾಗಿಲಿಗೆ ಬಂದಳು, ಮುಖ ಬಿಳಿಚಿತ್ತು.

"ಮಗ್ಗದಾಗಿರೋ ಸೀರೆ ಸೆರಗಿನ ಮ್ಯಾಲೆ ಕಪ್ಪು ಹತ್ತೈತೆ. ಯಾಕಪ್ಪಾ ಮುಟ್ಟಿದಿ?"

"ನಾನು ಮುಟ್ಟಿಲ್ಲಕ್ಕ."

"ಮತ್ತೆ ಇನ್ಯಾರ ಕೈಯಾಗೆ ಗ್ರೀಸ್ ಐತೆ ಈ ಮನ್ಯಾಗೆ? ನನ್ನ ಕೈಯಾಗಾ?"

ಗಂಟಲಿಗೆ ಉರ್ದು ಬಂದು ನಿಂತಿತು. ಯಾ ಅಲ್ಲಾ, ಎಂತೆಂಥ ಮಾತು! ಇನ್ನು ಸ್ವಲ್ಪ ಹೊತ್ತಿಗೆ ನಸ್ರೀನ್ ಬಸ್ ಹತ್ತುತ್ತಾಳೆ. ಬೀದಿಗೆ ಕೇಳುವ ಹಾಗೆ ನಾನು ಒಂದು ಸಲ ಬಾಯಿ ತೆರೆದರೆ ಮುಗಿಯಿತು, ಇಳಿದ ಬಸ್ಸಿಗೇ ವಾಪಸು ಹೋಗುತ್ತಾಳೆ. ಬಾಗಿಲು ಹಾಕಿಕೊಂಡೆ. ನೋಟ್‌ಬುಕ್ ತೆರೆದೆ.

"ನಾನು ಸೀರೆ ಮುಟ್ಟಿಲ್ಲ. ಈ ಮುದುಕಿಗೆ ಕಣ್ಣಿಲ್ಲ. ಇವಳ ಮನೆ ಹಾಳಾಗ. ಬೆಳಿಗ್ಗೆ ಬೇಗ ಎದ್ದೆ. ಅಂಗಡಿಗೆ ಹೋಗಿ ಒಂದು ಗಾಡಿಯ ಚೈನ್ ಬಿಗಿ ಮಾಡಿದೆ. ಅಂಗಳದ ನಲ್ಲಿಯಲ್ಲಿ ಅವಸರದಲ್ಲಿ ಕೈ ತೊಳೆದೆ. ತಂತಿಯ ಮೇಲಿದ್ದ ಟವೆಲಿಗೆ ಒರೆಸಿಕೊಂಡೆ."

ಪೆನ್ನು ನಿಂತಿತು. ನನ್ನ ಟವೆಲು ಕೋಣೆಯ ಮೊಳೆಯಲ್ಲಿ, ಕಣ್ಣೆದುರಿಗೇ ನೇತಾಡುತ್ತಿತ್ತು. ತಂತಿಯ ಮೇಲೆ ಇದ್ದದ್ದು ಲಕ್ಷ್ಮಕ್ಕನದು. ಮಗ್ಗಕ್ಕೆ ಕೂರುವ ಮುಂಚೆ ಅವಳು ಕೈ ತೊಳೆದು ಒರೆಸಿಕೊಳ್ಳುವುದು ಆ ಟವೆಲಿಗೇ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಜಗಳವೂ ಇಲ್ಲ. ಹೇಳಿದರೆ ಹೆಂಡತಿ ಬರುವ ಹೊತ್ತಿಗೆ ನನ್ನ ಟ್ರಂಕು ಬೀದಿಯಲ್ಲಿರಬಹುದು. ಆಗ ಬಾಗಿಲು ಬಡಿಯಿತು. ತೆರೆದರೆ ಲಕ್ಷ್ಮಕ್ಕ ನೋಟ್‌ಬುಕ್ಕನ್ನೇ ನೋಡುತ್ತಿದ್ದಳು. ದನಿ ತಗ್ಗಿತ್ತು.

"ಏನ್ ಬರೀತಿದೀಯಪ್ಪಾ? ಸ್ಟೇಷನ್‌ಗೆ ಕಂಪ್ಲೇಂಟಾ? ನೀ ಕೂಗಾಡಿದ್ರೆ ನನಗೆ ಇಷ್ಟು ಭಯ ಇರ್ತಿರ್ಲಿಲ್ಲ."

"ಕಂಪ್ಲೇಂಟ್ ಅಲ್ಲಕ್ಕ."

"ಹಂಗಾದ್ರೆ ಚದುವು. ಓದು, ಕೇಳ್ತೀನಿ."

ಯಾವ ಸಾಲು ಬೇಕಾದರೂ ಹಾರಿಸಬಹುದಿತ್ತು. ಪುಸ್ತಕ ನನ್ನ ಕೈಯಲ್ಲಿತ್ತು. ಮುದುಕಿ ಅಂದದ್ದನ್ನೂ ಓದಿದೆ, ಮನೆ ಹಾಳಾಗ ಅಂದದ್ದನ್ನೂ ಓದಿದೆ. ಟವೆಲಿನ ಸಾಲು ಬಂತು. ಅದನ್ನೂ ಓದಿ, "ನಿಮ್ಮ ಟವೆಲು ಅಕ್ಕ. ತಪ್ಪಾಯ್ತು" ಅಂದೆ.

ಅವಳು ಅಂಗಳಕ್ಕೆ ಹೋಗಿ ಟವೆಲನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ತನ್ನ ಅಂಗೈಯನ್ನೇ ಬಹಳ ಹೊತ್ತು ನೋಡಿಕೊಂಡಳು. ಒಳಗೆ ಬಂದು ಗ್ರೀಸ್ ಹೀರಲೆಂದು ಕಲೆಯ ಮೇಲೆ ಪೌಡರ್ ಉದುರಿಸುತ್ತಾ ಕೂತಳು. ನಾನು ಟ್ರಂಕಿನ ಪಕ್ಕದಲ್ಲಿ ನಿಂತೇ ಇದ್ದೆ. ಬಸ್ಸಿನ ಹೊತ್ತಾಯಿತು, ಹೋದೆ.

ನಸ್ರೀನ್ ಇಳಿದವಳೇ ನನ್ನ ಮುಖ ನೋಡಿ, "ಜಗಳ ಆಯ್ತಾ?" ಅಂದಳು. "ಗೊತ್ತಿಲ್ಲ" ಅಂದೆ. ದಾರಿಯುದ್ದಕ್ಕೂ ನಡೆದದ್ದನ್ನು ಹೇಳಿದೆ. ಅವಳು ಚೀಲವನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಬಂದಳು. ಮನೆ ಹತ್ತಿರವಾದಂತೆ ಕಿವಿಗೊಟ್ಟೆ. ಮಗ್ಗ ಸುಮ್ಮನಿತ್ತು. ಲಕ್ಷ್ಮಕ್ಕ ಹೊಸ್ತಿಲಲ್ಲೇ ನಿಂತಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಸ್ರೀನಳನ್ನು ಅಡ್ಡಗಟ್ಟಿ ಹೇಳಿದಳು:

"ಕೈ ತೋರ್ಸಮ್ಮಾ, ಎರಡೂ."

ನಸ್ರೀನ್ ಚೀಲ ಕೆಳಗಿಟ್ಟು ಕೈ ಚಾಚಿದಳು. ಬರುವ ಖುಷಿಗೆ ಮೆಹಂದಿ ಹಾಕಿಕೊಂಡಿದ್ದಳು, ನನಗೆ ಹೇಳಿರಲಿಲ್ಲ. ಲಕ್ಷ್ಮಕ್ಕ ಅದರ ಮೇಲೆ ಬೆರಳಾಡಿಸಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಬಾ ಒಳಗೆ" ಅಂದಳು. ನನಗೆ ಅಳು ಬಂತು.

ಕಲೆ ಪೂರ್ತಿ ಹೋಗಲಿಲ್ಲ. ಆ ಸೀರೆಯನ್ನು ಲಕ್ಷ್ಮಕ್ಕ ಅಂಗಡಿಗೆ ಕೊಡದೆ ತಾನೇ ಇಟ್ಟುಕೊಂಡಳು. ಹಬ್ಬಕ್ಕೆ ಉಟ್ಟಾಗಲೆಲ್ಲ ಸೆರಗು ನನ್ನ ಕಡೆ ಮಾಡಿ, "ಇದನ್ನೂ ಬರ್ಕಂಡ್ಯಾ?" ಎಂದು ಚುಚ್ಚುತ್ತಾಳೆ. ಬರೆದುಕೊಳ್ಳುತ್ತೇನೆ.

ಮೊನ್ನೆ ಚಳ್ಳಕೆರೆಗೆ ಹೋಗಿದ್ದೆ. ಅಣ್ಣನ ಗ್ಯಾರೇಜು, ಅದೇ ಎಣ್ಣೆ ವಾಸನೆ, ನಾನು ಕೆಲಸ ಕಲಿತ ನೆಲ. ಬಾಗಿಲಿಗೆ ಹೋದವನು ಒಳಗೆ ಕಾಲಿಡಲಿಲ್ಲ. ಎರಡೂ ಕೈ ಮುಂದೆ ಚಾಚಿ ನಿಂತುಬಿಟ್ಟಿದ್ದೆ. ಅಣ್ಣ ಸ್ಪ್ಯಾನರ್ ಹಿಡಿದು ತಲೆ ಎತ್ತಿ ನೋಡಿದ. "ಏನ್ ಲೇ, ಸ್ವಂತ ಮನೆ ಬಾಗಿಲಾಗೆ ಭಿಕ್ಷೆ ಬೇಡ್ತೀಯಾ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಿಟ್ಟು ಬಂತು, ಉರ್ದುವಿನಲ್ಲೇ ಬಂತು. ಜೇಬು ಮುಟ್ಟಿ ನೋಡಿದೆ. ಪುಸ್ತಕ ಮೊಳಕಾಲ್ಮೂರಿನಲ್ಲಿತ್ತು.