ಕೆರೆಯಲ್ಲಿ ತೇಲಿದ ಹೆಣ ಮತ್ತು ನಮ್ಮ ಟೈಲರ್ ಅಕ್ಕ

ಟೈಲರ್ ಅಕ್ಕನ ತುಟಿಗಳ ನಡುವೆ ಯಾವಾಗ ನೋಡಿದರೂ ನಾಲ್ಕೈದು ಗುಂಡುಪಿನ್ನುಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಅಳತೆ ತೆಗೆಯುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಎಲ್ಲಿ ನುಂಗಿಬಿಡುತ್ತಾರೋ ಎಂದು ನನಗೆ ಜೀವ ಹೊಡೆದುಕೊಳ್ಳುತ್ತಿತ್ತು. ಕುಶಾಲನಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದೊಂದು ಸಣ್ಣ ಅಂಗಡಿ. ಅರಕಲಗೂಡಿನಿಂದ ಶುಂಠಿ ಬೆಳೆಯುವ ಮನೆಗೆ ಸೊಸೆಯಾಗಿ ಬಂದ ನನಗೆ, ಒಬ್ಬಳೇ ಹೋಗಿ ಬರಲು ಗಂಡ ಒಪ್ಪಿದ್ದ ಜಾಗ ಅದೊಂದೇ.

ಆಗ ಟಿವಿಯಲ್ಲಿ ದಿನಾ ಸಂಜೆ ಒಂದು ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಎಸ್ಟೇಟಿನ ಕೆರೆಯಲ್ಲಿ ಯಜಮಾನನ ಹೆಂಡತಿಯ ಹೆಣ ತೇಲುತ್ತದೆ; ಅವಳು ಬದುಕಿದ್ದ ದಿನಗಳನ್ನು ಮತ್ತೆ ಮತ್ತೆ ತೋರಿಸುತ್ತಾ, ಕೊಂದವರು ಯಾರು ಎನ್ನುವುದೇ ಕಥೆ. ಮರುದಿನ ಹನ್ನೊಂದಕ್ಕೆಲ್ಲ ಅಕ್ಕನ ಅಂಗಡಿ ಕೋರ್ಟಾಗುತ್ತಿತ್ತು. ಫಾಲ್ಸ್ ಹಾಕಿಸಲು ಬಂದವರು ಅತ್ತೆಯನ್ನು ಹಿಡಿದರೆ, ಬ್ಲೌಸ್ ಒಯ್ಯಲು ಬಂದವರು ಆಸ್ತಿಗಾಗಿ ಮೈದುನನೇ ಮಾಡಿದ್ದು ಎನ್ನುತ್ತಿದ್ದರು. ಅಕ್ಕ ಮಾತ್ರ ಮೆಷಿನ್ನಿಗೆ ಒರಗಿಸಿಟ್ಟ ಫೋನಿನಲ್ಲಿ ಹಿಂದಿನ ದಿನದ ಕಂತನ್ನು ನಿಲ್ಲಿಸಿ, ಸೀಮೆಸುಣ್ಣ ಮೆತ್ತಿದ ಬೆರಳನ್ನು ಒಂದೇ ಮುಖದ ಮೇಲಿಡುತ್ತಿದ್ದರು. "ಗಂಡನೇ. ಬೇರೆ ಯಾರೂ ಅಲ್ಲ."

ನಾವು ನಗುತ್ತಿದ್ದೆವು. ಹೆಂಡತಿಗೆ ತಾನೇ ತಲೆ ಬಾಚುವ ಗಂಡ ಅವನು. ಎಲ್ಲರಿಗಿಂತ ಹೆಚ್ಚಾಗಿ ಅವನ ಪರ ವಾದಿಸುತ್ತಿದ್ದವಳು ನಾನು. ಅವನು ಊಟದ ತಟ್ಟೆ ಎಸೆದಾಗ, "ಪಾಪ, ತಲೆಬಿಸಿ ಇರುತ್ತೆ" ಎಂದೆ. ಅವಳನ್ನು ಕೋಣೆಯಲ್ಲಿಟ್ಟು ಚಿಲಕ ಹಾಕಿದ್ದು ತೋರಿಸಿದಾಗ, "ಪ್ರೀತಿ ಜಾಸ್ತಿ, ಅದಕ್ಕೇ" ಎಂದೆ. ಅಕ್ಕ ನನ್ನೊಡನೆ ವಾದಕ್ಕಿಳಿಯುತ್ತಿರಲಿಲ್ಲ. ಒಮ್ಮೆ ಮಾತ್ರ ಎಲ್ಲರಿಗೂ ಕೇಳುವ ಹಾಗೆ, "ಯಾರು ಕೊಂದ್ರು ಅಂತ ಹುಡುಕ್ಬೇಡ್ರಿ. ಕೇಳ್ದೇ ಇದ್ರೂ ಕಾರಣ ಹೇಳೋರು ಯಾರು ಅಂತ ನೋಡ್ರಿ. ಅವರು ಏನೋ ಮುಚ್ಚಿಡ್ತಾವ್ರೆ" ಎಂದಿದ್ದರು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹೊಸ ಬ್ಲೌಸ್ ಪೀಸು ಹಿಡಿದು ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ತೋಳು ಈ ಸಲ ಮೊಣಕೈ ದಾಟ್ಲಿ ಅಕ್ಕ. ಸೊಳ್ಳೆ ಜಾಸ್ತಿ ಆಗಿದೆ."

ಬಟ್ಟೆಯ ಮೇಲೆ ಗೀಟು ಹಾಕುತ್ತಿದ್ದ ಕೈ ನಿಂತಿತು. ಅಕ್ಕ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

"ಸಂಕ್ರಾಂತಿಗೆ ಮೊಣಕೈವರ್ಗೂ ಇಡಿಸ್ದೆ. ಆಗ ಚಳಿ ಅಂದಿದ್ದೆ. ನಾನು ಕೇಳಿರ್ಲಿಲ್ಲ, ನೀನೇ ಹೇಳ್ದೆ. ಈಗ್ಲೂ ಕೇಳ್ಲಿಲ್ಲ."

ನನ್ನ ತೋಳನ್ನು ಅವರು ಮುಟ್ಟಲಿಲ್ಲ. ಎದ್ದು ಶಟರ್ ಅರ್ಧ ಎಳೆದು ಬಂದು ಕೂತರು. ಎರಡು ವರ್ಷದ ಅಳು ಒಮ್ಮೆಗೇ ಬಂತು. ಸಮಾಧಾನವಾದ ಮೇಲೆ, "ಇವತ್ತು ಸಂಜೆ ಅವರಿಗೆ ಹೇಳಿಬಿಡ್ತೀನಿ ಅಕ್ಕ, ಅಮ್ಮನ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ ಅಂತ" ಎಂದೆ.

ಅಕ್ಕ ಫೋನು ತೆಗೆದು ಧಾರಾವಾಹಿಯ ಮೊದಲ ವಾರದ ಕಂತೊಂದನ್ನು ಹುಡುಕಿ ನಿಲ್ಲಿಸಿದರು. ಆ ಹೆಂಡತಿಯ ಮಂಚದ ಕೆಳಗೆ ಒಂದು ಸೂಟ್‌ಕೇಸಿನ ಮೂಲೆ ಕಾಣುತ್ತಿತ್ತು. ನಮ್ಮಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ.

"ನೋಡು. ಬಟ್ಟೆ ತುಂಬ್ಕೊಂಡು ಹೊರಟು ನಿಂತವ್ಳೆ. ಹಂಗೇ ಹೋಗಿದ್ರೆ ಬದುಕ್ತಿದ್ಲು. ಒಂದು ಮಾತು ಹೇಳಿ ಹೋಗಾಣ ಅಂತ ಕಾದವ್ಳೆ. ಅವನು ಸಿಟ್ಟಿಗೆ ಕೊಂದಿದ್ದಲ್ಲ ಕಣವ್ವ. ಕೈಬಿಟ್ಟು ಹೋಗ್ತಾಳಲ್ಲ ಅಂತ ಕೊಂದಿದ್ದು." ಫೋನನ್ನು ಮಗುಚಿಟ್ಟು, "ನನ್ನ ತಂಗಿನೂ ಹೇಳೇ ಹೊರಡ್ತೀನಿ ಅಂದಿದ್ಲು" ಎಂದರು. ಮುಂದೆ ಏನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಉಟ್ಟ ಸೀರೆಯಲ್ಲೇ ನನ್ನನ್ನು ಅರಕಲಗೂಡಿನ ಬಸ್ಸು ಹತ್ತಿಸಿದರು. ಬಸ್ಸು ಹೊರಡುವ ತನಕ ನನ್ನ ಕಿಟಕಿಗೆ ಅಡ್ಡವಾಗಿ ನಿಂತಿದ್ದರು.

ಕತ್ತಲಾಗುವ ಮೊದಲೇ ಗಂಡ ಅವರ ಅಂಗಡಿಗೆ ಹೋದನಂತೆ. "ಅಳತೆ ಕೊಟ್ಟು ಹೋದ್ಲಪ್ಪ" ಎಂದರಂತೆ ಅಕ್ಕ. ಅರಕಲಗೂಡಿಗೆ ಒಮ್ಮೆ ಬಂದವನನ್ನು ನಮ್ಮ ಬೀದಿಯವರೇ ಸೇರಿ ಅಟ್ಟಿದರು. ಆಮೇಲೆ ಎಷ್ಟೋ ತಿಂಗಳು ಅವನು ಅಕ್ಕನ ಅಂಗಡಿಯ ಎದುರಿನ ಬೇಕರಿಯ ಬೆಂಚಿನಲ್ಲಿ ಬಂದು ಕೂರುತ್ತಿದ್ದ. ಬೈಯಲಿಲ್ಲ, ಕೂಗಾಡಲಿಲ್ಲ. ಟೀ ಕುಡಿಯುತ್ತಾ ಅಂಗಡಿಗೆ ಯಾರು ಬರುತ್ತಾರೆಂದು ನೋಡುತ್ತಿದ್ದ. ಅಕ್ಕ ಇದನ್ನು ನನಗೆ ಹೇಳಿದ್ದು ಒಂದೇ ಸಲ. ಫೋನಿನಲ್ಲಿ ನಮ್ಮ ಮಾತೆಲ್ಲ ಧಾರಾವಾಹಿಯದೇ. ಕೊನೆಯ ಕಂತಿನಲ್ಲಿ ಕೊಲೆಗಾರ ಗಂಡನೇ ಎಂದು ತೋರಿಸಿದರು, ಅವಳ ಹೆಸರಿನಲ್ಲಿದ್ದ ಎಸ್ಟೇಟಿನ ಆಸೆಗೆ ಕೊಂದನಂತೆ. ಅಕ್ಕನಿಗೆ ತುಂಬಾ ಬೇಜಾರಾಯಿತು. "ಆಳು ಸರಿಯಾಗಿ ಹಿಡುದ್ರು, ಕಾರಣ ಗೊತ್ತಾಗ್ಲಿಲ್ಲ ಅವಕ್ಕೆ" ಎಂದು ಗೊಣಗಿದರು.

ನಾನು ಅರಕಲಗೂಡಿನಲ್ಲೇ ಒಂದು ನರ್ಸರಿ ಶಾಲೆಗೆ ಟೀಚರಾಗಿ ಸೇರಿದೆ. ಕುಶಾಲನಗರಕ್ಕೆ ಮತ್ತೆ ಕಾಲಿಡಲಿಲ್ಲ. ಕಿಡ್ನಿ ಕೆಟ್ಟು ಮಲಗಿದಾಗಲೂ ಅಕ್ಕ, "ಬರ್ಬೇಡ" ಎಂದೇ ಹೇಳಿದರು. ಹೋದ ವರ್ಷ ಅವರ ಮಗಳ ಫೋನು ಬಂತು.

"ಅಮ್ಮ ಹೋಗಿ ಮೂರು ದಿನ ಆಯ್ತು ಅಕ್ಕ."

ನಾನು ಆ ಹುಡುಗಿಯ ಮೇಲೆ ರೇಗಿದೆ. ಮುಖ ನೋಡಲಾದರೂ ಬರುತ್ತಿದ್ದೆನಲ್ಲ, ಒಂದು ಮಾತು ತಿಳಿಸಬಾರದಿತ್ತೇ ಎಂದು ಅತ್ತುಬಿಟ್ಟೆ.

"ಅಮ್ಮನೇ ಬೇಡ ಅಂದಿದ್ರು. ಮಣ್ಣು ಮಾಡಿ, ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ್ಮೇಲೆ ಹೇಳು ಅಂತ ಆಣೆ ಹಾಕಿಸ್ಕೊಂಡಿದ್ರು." ಅವಳು ದನಿ ತಗ್ಗಿಸಿದಳು. "ನಿಮ್ಮ ಯಜಮಾನ್ರು ಬಂದಿದ್ರು ಅಕ್ಕ. ಮಣ್ಣಿಗೂ ಬಂದಿದ್ರು, ಇವತ್ತು ಹಾಲುತುಪ್ಪಕ್ಕೂ ಬಂದಿದ್ರು. ಅಮ್ಮನ ಮುಖ ನೋಡೋಕೆ ಒಳಗೆ ಬರ್ಲೇ ಇಲ್ಲ. ಗೇಟ್ ಹತ್ರ ನಿಂತ್ಕೊಂಡು ಬಂದ ಹೆಂಗಸರ ಮುಖಾನೆಲ್ಲ ನೋಡ್ತಿದ್ರು."